ನೂರು ರೂಪಾಯಿ ಬಂತು, ಮುನ್ನೂರು ಹೋಯಿತು

ಫೆಬ್ರುವರಿ ತಿಂಗಳ ಸಂಬಳದ ಚೀಟಿ ಮುಂದಿಟ್ಟುಕೊಂಡು ಕೂತಿದ್ದೇನೆ. ಇದನ್ನು ತಯಾರಿಸಿದವಳೂ ನಾನೇ, ಓದಿ ಹೊಟ್ಟೆ ಉರಿಸಿಕೊಂಡವಳೂ ನಾನೇ. ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಹನ್ನೊಂದು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಎಷ್ಟು ಚೀಲ ತೊಗರಿ ಬಂತು, ಎಷ್ಟು ಬೇಳೆಯಾಯಿತು, ಎಷ್ಟು ಹೊಟ್ಟು ಹೋಯಿತು, ಎಲ್ಲ ತಾಳೆಯಾಗುತ್ತದೆ. ನನ್ನ ಸಂಬಳದ ಲೆಕ್ಕ ಮಾತ್ರ ಈ ವರ್ಷ ತಾಳೆಯಾಗುತ್ತಿಲ್ಲ.

ಡಿಸೆಂಬರ್‌ವರೆಗೆ ನನ್ನ ಸಂಬಳ 24,900 ಇತ್ತು. ಜನವರಿ ಒಂದನೇ ತಾರೀಖು ಸಾಹುಕಾರರು ಒಳಗೆ ಕರೆದು, ಮುಖದ ತುಂಬ ಉದಾರತನ ತಂದುಕೊಂಡು, "ತಂಗಿ, ಈ ವರ್ಷದಿಂದ ದುಂಡಗೆ 25 ಸಾವಿರ ಮಾಡಿದ್ದೇನೆ" ಎಂದರು. ನಾನೂ ಕೈಮುಗಿದು ಹೊರಗೆ ಬಂದೆ. ದಿನವಿಡೀ ಅಂಕಿಗಳ ಜೊತೆ ಬದುಕುವವಳಿಗೆ ಆ ಗಳಿಗೆಯಲ್ಲಿ ಹೊಳೆಯಲೇ ಇಲ್ಲ. ತಿಂಗಳ ಕೊನೆಗೆ ಕಂಪ್ಯೂಟರಿನಲ್ಲಿ ಹೊಸ ಸಂಬಳ ತುಂಬಿದಾಗ ಕಡಿತದ ಅಂಕಣದಲ್ಲಿ 200 ತಾನಾಗಿಯೇ ಬಂದು ಕೂತಿತು. ಕೈಗೆ ಬಂದದ್ದು ಹಿಂದಿನ ತಿಂಗಳಿಗಿಂತ ನೂರು ರೂಪಾಯಿ ಕಡಿಮೆ.

ನಮ್ಮ ರಾಜ್ಯದಲ್ಲಿ ತಿಂಗಳ ಸಂಬಳ 25,000 ಮುಟ್ಟಿತೆಂದರೆ ವೃತ್ತಿ ತೆರಿಗೆ, ಅಂದರೆ ದುಡಿಮೆಯ ಮೇಲೆ ರಾಜ್ಯ ಸರ್ಕಾರ ಹಾಕುವ ತೆರಿಗೆ, ಕಟ್ಟಬೇಕು. 24,999 ಇದ್ದರೆ ಒಂದು ಪೈಸೆಯೂ ಇಲ್ಲ. ಮೊದಲು ಈ ಮಿತಿ 15,000 ಇತ್ತು, ಆಗಲೂ ನಾನು ಕಟ್ಟುತ್ತಿದ್ದೆ. 2023ರ ಏಪ್ರಿಲ್‌ನಲ್ಲಿ ಮಿತಿಯನ್ನು ಏರಿಸಿದಾಗ ತಪ್ಪಿಸಿಕೊಂಡೆ. ಎರಡೂಮುಕ್ಕಾಲು ವರ್ಷದ ನೆಮ್ಮದಿಯನ್ನು ಸಾಹುಕಾರರು ಒಂದು ದುಂಡು ಸಂಖ್ಯೆಯ ಆಸೆಗೆ ಮುಗಿಸಿಬಿಟ್ಟರು. ವರ್ಷಕ್ಕೆ ನನಗೆ ಹೆಚ್ಚಾದದ್ದು 1,200, ಕಳೆದುಹೋಗುವುದು 2,500. ಸಂಬಳ ಏರಿದ ತಪ್ಪಿಗೆ 1,300 ರೂಪಾಯಿ ದಂಡ.

ಇನ್ನು ಈ ಫೆಬ್ರುವರಿಯ ಕಥೆ. ಎಲ್ಲ ತಿಂಗಳೂ 200, ಫೆಬ್ರುವರಿಯಲ್ಲಿ ಮಾತ್ರ 300! ಮೊದಲು ಹನ್ನೆರಡು ತಿಂಗಳೂ 200ರಂತೆ ವರ್ಷಕ್ಕೆ 2,400 ಆಗುತ್ತಿತ್ತು. ಈ ತೆರಿಗೆ ಒಬ್ಬರಿಗೆ ವರ್ಷಕ್ಕೆ 2,500 ಮೀರಬಾರದು ಎಂದು ಸಂವಿಧಾನದ 276ನೇ ವಿಧಿ ಹೇಳುತ್ತದೆ. ನೂರು ರೂಪಾಯಿಯ ಜಾಗ ಖಾಲಿ ಉಳಿದಿದೆಯಲ್ಲ ಎಂದು ಯಾರಿಗೋ ನಿದ್ದೆ ಬಂದಿರಲಿಕ್ಕಿಲ್ಲ. 2025ರ ಏಪ್ರಿಲ್‌ನಿಂದ ಅದನ್ನೂ ತುಂಬಿದರು. ತುಂಬುವುದಕ್ಕೆ ಸಿಕ್ಕಿದ್ದು ಇಪ್ಪತ್ತೆಂಟೇ ದಿನದ ತಿಂಗಳು. ಚೀಟಿಯಲ್ಲಿ ವೃತ್ತಿ ತೆರಿಗೆಯನ್ನು (ಪ್ರೊಫೆಶನಲ್ ಟ್ಯಾಕ್ಸ್) "ಪಿ.ಟಿ. 300" ಎಂದು ಬರೆದಿರುವುದನ್ನು ನೋಡಿ ನನ್ನ ಸಣ್ಣ ಮಗ, "ಅವ್ವಾ, ನಿಮಗೂ ಆಟದ ಪೀರಿಯಡ್ ಇದೆಯೇ?" ಎಂದು ಕೇಳಿದ. ಇದೆ ಮಗನೇ, ಆಡುವವರು ಬೇರೆ.

ಅತ್ತೆಯವರ ಗಾಬರಿಯೇ ಬೇರೆ. "ನೀನು ತೆರಿಗೆ ಕಟ್ಟಿದರೆ ನನ್ನ ಗೃಹಲಕ್ಷ್ಮಿ ನಿಂತುಹೋಗುತ್ತದೆಯೇ?" ಗೃಹಲಕ್ಷ್ಮಿಗೆ ಅಡ್ಡ ಬರುವುದು ಆದಾಯ ತೆರಿಗೆ, ಇದು ವೃತ್ತಿ ತೆರಿಗೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತ್ತು.

ತೆರಿಗೆ ಕೊಡಬಾರದು ಎನ್ನುವವಳು ನಾನಲ್ಲ. ಆದರೆ ಇದಕ್ಕೆ ವೃತ್ತಿ ತೆರಿಗೆ ಎಂದು ಹೆಸರಿಟ್ಟವರು ವೃತ್ತಿಯನ್ನು ನೋಡುವುದೇ ಇಲ್ಲ, ತಲೆಯನ್ನು ಎಣಿಸುತ್ತಾರೆ. 25 ಸಾವಿರದ ನಾನು ಕಟ್ಟುವುದು 2,500. ಬೆಂಗಳೂರಿನಲ್ಲಿ ತಿಂಗಳಿಗೆ ಎರಡೂವರೆ ಲಕ್ಷ ಎಣಿಸುವ ಸಾಫ್ಟ್‌ವೇರ್ ಎಂಜಿನಿಯರ್ ಕಟ್ಟುವುದೂ 2,500. ನಮ್ಮ ಸಾಹುಕಾರರು ತಮ್ಮ ತಲೆಗೆ ಕಟ್ಟುವುದೂ 2,500ಕ್ಕಿಂತ ಹೆಚ್ಚಿಲ್ಲ. ಈ ಮಿತಿಯನ್ನು 250ರಿಂದ 2,500ಕ್ಕೆ ಏರಿಸಿದ್ದು 1988ರಲ್ಲಿ. ಅಂದು ಅದು ದೊಡ್ಡವರ ಜೇಬಿಗೂ ತಾಗುವ ಮೊತ್ತವಾಗಿತ್ತು. ಇಂದು ದೊಡ್ಡವರಿಗೆ ಅದು ಒಂದು ಹೊತ್ತಿನ ಹೋಟೆಲ್ ಬಿಲ್ಲು, ನನಗೆ ಎರಡೂವರೆ ತಿಂಗಳ ಆಟೊ ಖರ್ಚು. (ಹೆಂಗಸರಿಗೆ ಬಸ್ಸು ಉಚಿತವಲ್ಲವೇ ಎಂದು ಕೇಳಬೇಡಿ. ಉಚಿತವೇ. ಆ ಬಸ್ಸು ನಮ್ಮ ಬಡಾವಣೆಯ ಕಡೆ ಬರುವುದಿಲ್ಲ, ಅಷ್ಟೇ.) ಹಿಂದುಳಿದಿದ್ದೇವೆಂದು ನಮಗೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಕೊಟ್ಟಿದ್ದಾರೆ, ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಎಂದು ಕರೆದಿದ್ದಾರೆ. ಬೆಂಗಳೂರಿಗೆ ಸರಿಸಮಾನವಾಗಿ ನಾವು ನಿಂತಿರುವುದು ಈ ತೆರಿಗೆಯಲ್ಲೊಂದೇ.

ಹಾಗಾದರೆ ಯಾರಿಗೆ ವಿನಾಯಿತಿ? ಸೈನಿಕರಿಗಿದೆ, ಇರಲಿ. ಅಂಗವಿಕಲರಿಗಿದೆ, ಇರಲೇಬೇಕು. ಸರಕು ಸಾಗಿಸುವ ಒಂದೇ ಆಟೊದ ಪರ್ಮಿಟ್ ಇಟ್ಟುಕೊಂಡು ಬಿಸಿಲಲ್ಲಿ ತಿರುಗುವವರಿಗಿದೆ, ಸಂತೋಷ. ಒಂದೇ ಮಗುವಾದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೂ ಇದೆ. ಇದನ್ನು ನಮ್ಮ ಮನೆಯ ಯಜಮಾನರಿಗೆ ಓದಿ ಹೇಳಿದೆ. ಅವರು ಪಕ್ಕದಲ್ಲಿ ಜಗಳವಾಡುತ್ತಿದ್ದ ಇಬ್ಬರು ಮಕ್ಕಳನ್ನೂ ನೋಡಿ ಸುಮ್ಮನಾದರು.

ನನ್ನ ಕಣ್ಣು ಕುಕ್ಕುವುದು ವಯಸ್ಸಿನ ವಿನಾಯಿತಿ. 60 ದಾಟಿದವರು ಕಟ್ಟಬೇಕಾಗಿಲ್ಲ. ದುಡಿದು ದಣಿದ ಹಿರಿಯರಿಗೆಂದು ಮಾಡಿದ್ದು, ಒಪ್ಪುತ್ತೇನೆ. ಆದರೆ ನಮ್ಮ ಮಿಲ್ಲಿನಲ್ಲಿ ಸಲಹೆಗಾರರೊಬ್ಬರಿದ್ದಾರೆ. ದೊಡ್ಡ ಹುದ್ದೆಯಿಂದ ನಿವೃತ್ತರು, 63 ವರ್ಷ, ಪಿಂಚಣಿ ಬೇರೆ ಬರುತ್ತದೆ, ಇಲ್ಲಿ ತಿಂಗಳಿಗೆ 40 ಸಾವಿರ. ಹನ್ನೊಂದಕ್ಕೆ ಬಂದು, ಎರಡು ಸಲ ಚಹಾ ಕುಡಿದು, ಪತ್ರಿಕೆಯ ಪದಬಂಧ ಮುಗಿಸಿ, ಒಂದೂವರೆಗೆ ಊಟಕ್ಕೆ ಹೋದರೆ ಮತ್ತೆ ನಾಳೆಯೇ. ಅವರ ಹೆಸರಿನ ಮುಂದೆ ಸೊನ್ನೆ ಬರೆದು, ಅದರ ಕೆಳಗಿನ ಸಾಲಿನಲ್ಲಿ ನನ್ನ ಹೆಸರಿನ ಮುಂದೆ 300 ಬರೆಯುವವಳು ನಾನೇ. ಅದನ್ನು ಮುಂದಿನ ತಿಂಗಳ 20ರೊಳಗೆ ವಾಣಿಜ್ಯ ತೆರಿಗೆ ಇಲಾಖೆಗೆ ಕಟ್ಟುವ ಕೆಲಸವೂ ನನ್ನದೇ.

ನಾದಿನಿಯನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದೇವೆ. ಫೋನಿನಲ್ಲಿ ಇದನ್ನೆಲ್ಲ ಹೇಳಿಕೊಂಡರೆ ಅವಳು ನಕ್ಕಳು. ಮಹಾರಾಷ್ಟ್ರದಲ್ಲಿ ಹೆಂಗಸರಿಗೆ 25,000ದವರೆಗೆ ವೃತ್ತಿ ತೆರಿಗೆ ಇಲ್ಲ. ಸರಿಯಾಗಿ 25,000 ಇದ್ದರೂ ಇಲ್ಲ! ಆದರೆ ಅಲ್ಲಿ ಗಂಡಸರಿಗೆ 10 ಸಾವಿರ ದಾಟಿದರೆ ಸಾಕು, 200 ಕಟ್ಟಬೇಕು. 16 ಸಾವಿರಕ್ಕೆ ದುಡಿಯುವ ಅವಳ ಗಂಡ ಫೆಬ್ರುವರಿಯ 300 ಸಹಿತ ಪೂರ್ತಿ ಕಟ್ಟುತ್ತಾರೆ. ಅವರು ಕಲಬುರಗಿಗೆ ಬಂದು, ನಾನು ಸೊಲ್ಲಾಪುರಕ್ಕೆ ಹೋದರೆ ಎರಡು ಮನೆಗೂ ಸೇರಿ ವರ್ಷಕ್ಕೆ ಐದು ಸಾವಿರ ಉಳಿತಾಯ. ರೈಲಿನಲ್ಲಿ ಎರಡು ತಾಸಿನ ದಾರಿ. ಅಷ್ಟರಲ್ಲಿ ನ್ಯಾಯವೇ ತಲೆಕೆಳಗಾಗುತ್ತದೆ.

ನಿನ್ನೆ ಧೈರ್ಯ ಮಾಡಿ ಸಾಹುಕಾರರ ಮುಂದೆ ನಿಂತು, "ನನ್ನ ಸಂಬಳ ಕಡಿಮೆ ಮಾಡಿ" ಎಂದೆ. ಅವರು ಕನ್ನಡಕ ತೆಗೆದು ನೋಡಿದರು. "ಹೆಚ್ಚು ಮಾಡಿ ಎಂದು ಬರುವವರನ್ನು ನಲವತ್ತು ವರ್ಷದಿಂದ ನೋಡಿದ್ದೇನೆ. ಇಂಥದ್ದನ್ನು ಕೇಳಿದವಳು ನೀನೊಬ್ಬಳೇ ತಂಗಿ." ಲೆಕ್ಕ ಬಿಡಿಸಿ ತೋರಿಸಿದೆ. ತಲೆಯಾಡಿಸಿದರು. ಒಂದೋ ಹಳೆಯ ಸಂಬಳ ಕೊಡಿ, ಇಲ್ಲವೇ 26 ಸಾವಿರ ಮಾಡಿ ಎಂದಾಗ ಮಾತ್ರ ಅವರಿಗೆ ಗಂಜ್ ಮಾರುಕಟ್ಟೆಯಿಂದ ಯಾವುದೋ ತುರ್ತು ಫೋನ್ ಬಂತು. ಫೋನಿಟ್ಟ ಮೇಲೆ, "24,900 ಎಂದರೆ ಏನೋ ಹರಕು ಹರಕಾಗಿ ಕಾಣುತ್ತದೆ, 25 ಸಾವಿರವೇ ಶೋಭೆ" ಎಂದರು.

ಒಂದನೇ ತಾರೀಖು ಮತ್ತೆ ಹೋಗುತ್ತೇನೆ. ಈ ಸಲ 24,999 ಕೇಳುತ್ತೇನೆ. ಶೋಭೆಯ ಆ ಒಂದು ರೂಪಾಯಿಯನ್ನು ಅವರೇ ಇಟ್ಟುಕೊಳ್ಳಲಿ.