ಮೊದಲ ಸ್ಥಾನಕ್ಕಿಂತ ಕಾಮೆಂಟುಗಳೇ ಮುಖ್ಯ
ಹೊಸ ಉತ್ಪನ್ನಗಳನ್ನು ದಿನದಿನವೂ ಪಟ್ಟಿ ಮಾಡಿ, ಬಳಕೆದಾರರು ವೋಟು ಹಾಕುವ ಜಾಲತಾಣ ಪ್ರಾಡಕ್ಟ್ ಹಂಟ್‌ನಲ್ಲಿ ದಿನದ ಮೊದಲ ಸ್ಥಾನ ಸಿಕ್ಕರೆ ಅರ್ಧ ಗೆದ್ದಂತೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ವೋಟು ಹಾಕುವವರಲ್ಲಿ ತಾವೂ ಸ್ಟಾರ್ಟಪ್ ಕಟ್ಟುತ್ತಿರುವವರು, ಹೊಸದನ್ನು ನೋಡುವ ಕುತೂಹಲದವರು ಬಹಳ. ನಮ್ಮ ಗ್ರಾಹಕರು ಆಸ್ಪತ್ರೆಯವರೋ ಲೆಕ್ಕಿಗರೋ ಆಗಿದ್ದರೆ ಆ ಪಟ್ಟಿಯ ಕಡೆ ತಲೆ ಹಾಕುವುದೂ ಅನುಮಾನ. ವೋಟಿಗಾಗಿ ನೇರವಾಗಿ ಕೇಳಿಕೊಳ್ಳಬೇಡಿ ಎಂದು ಆ ತಾಣವೇ ಹೇಳುತ್ತದೆ. ಆದರೂ ಎಲ್ಲರ ಶಕ್ತಿ ಅಲ್ಲೇ ಖರ್ಚಾಗುತ್ತದೆ.

ಅಲ್ಲಿ ದಿನ ಶುರುವಾಗುವುದು ಅಮೆರಿಕದ ಪೆಸಿಫಿಕ್ ಸಮಯದ ಮಧ್ಯರಾತ್ರಿಗೆ. ಆ 24 ಗಂಟೆ ತಂಡದ ಒಬ್ಬರಾದರೂ ಎಚ್ಚರವಿದ್ದು ಕಾಮೆಂಟುಗಳಲ್ಲಿ ಬರುವ ಪ್ರತಿ ಪ್ರಶ್ನೆಗೂ ಉತ್ತರಿಸಬೇಕು. 'ಇದು ಯಾರಿಗಾಗಿ?' ಎಂದು ನಾಲ್ಕು ಜನ ಕೇಳಿದರೆ ನಿಮ್ಮ ಉತ್ಪನ್ನದ ಜಾಲತಾಣದ ಮುಖಪುಟದ ಮೊದಲ ಸಾಲನ್ನು ಅಂದೇ ಬದಲಿಸಿ. ದಯವಿಟ್ಟು ಮುಂದಿನ ಲೇಖನದಲ್ಲಿ, ಅಂದು ಬಂದವರಲ್ಲಿ ಮೂರು ತಿಂಗಳ ನಂತರ ಎಷ್ಟು ಜನ ಉಳಿದರು ಎಂಬುದನ್ನೂ ಬರೆಯಿರಿ.