ಒಂದು ‘ಅಂತೆ’ಗಾಗಿ ಮೂರು ರಾತ್ರಿಯ ಜಗಳ

ಕಳೆದ ವಾರ ಮೂರು ರಾತ್ರಿ ನಿದ್ದೆಗೆಟ್ಟೆ. ಗೇಮ್ ಆಡುತ್ತಾ ಅಲ್ಲ. ಗೇಮಿನ ಬಗ್ಗೆ ಅಭಿಮಾನಿಗಳು ಸೇರಿ ಬರೆಯುವ ವಿಕಿಯಲ್ಲಿ, ಒಂದೇ ಒಂದು ವಾಕ್ಯಕ್ಕಾಗಿ ಜಗಳ ಆಡುತ್ತಾ. ಮನೆಯವರಿಗೆ ಇದನ್ನು ವಿವರಿಸಲು ಹೋಗಿ ಸೋತಿದ್ದೇನೆ. ನಿಮಗಾದರೂ ಹೇಳಿ ನೋಡೋಣ.

ವಾಕ್ಯ ಇಷ್ಟೇ: ‘ಜೆಟ್ ಎಂಬ ಅಮಲು ಪದಾರ್ಥವನ್ನು ಕಂಡುಹಿಡಿದವನು ಮೈರನ್.’

ಅಣುಯುದ್ಧದ ನಂತರದ ಲೋಕದಲ್ಲಿ ನಡೆಯುವ ಫಾಲ್‌ಔಟ್ 2 ಎಂಬ ಗೇಮ್ ಆಡಿದವರಿಗೆ ಮೈರನ್ ಗೊತ್ತು. ಚಿಕ್ಕ ವಯಸ್ಸಿನ ಹುಡುಗ. ಬುದ್ಧಿವಂತ, ಅದಕ್ಕಿಂತ ಜಾಸ್ತಿ ಜಂಬದ ಕೋಳಿ. ಎರಡು ತಲೆಯ ದನಗಳ ಸಗಣಿಯಿಂದ ಜೆಟ್ ತಯಾರಿಸಿದ್ದು ತಾನೇ ಎಂದು ಕೊಚ್ಚಿಕೊಳ್ಳುತ್ತಾನೆ. ಗೇಮ್ ಬಂದಿದ್ದು 1998ರಲ್ಲಿ, ಅದರ ಕಥೆ ನಡೆಯುವುದು 2241ರಲ್ಲಿ. ಆಮೇಲೆ 2015ರಲ್ಲಿ ಫಾಲ್‌ಔಟ್ 4 ಬಂತು. ಅದರಲ್ಲಿ ವಾಲ್ಟ್ 95 ಎಂಬ ನೆಲದಡಿಯ ಆಶ್ರಯತಾಣ ಇದೆ. 2077ರ ಅಣುಯುದ್ಧದ ಕಾಲದ ಜಾಗ. ಅಲ್ಲಿ ಬಚ್ಚಿಟ್ಟ ಮಾದಕ ವಸ್ತುಗಳ ರಾಶಿಯಲ್ಲಿ ನೋಡಿದರೆ ಜೆಟ್! ಮೈರನ್ ಹುಟ್ಟುವುದಕ್ಕೆ ಹೆಚ್ಚುಕಮ್ಮಿ ಒಂದೂವರೆ ಶತಮಾನ ಮೊದಲು. ಎರಡು ತಲೆಯ ದನಗಳೇ ಇನ್ನೂ ಇರದ ಕಾಲ ಅದು.

ಒಬ್ಬರು ಬಂದು ‘ಮೈರನ್ ಸುಳ್ಳು ಹೇಳಿದ್ದಾನೆ’ ಎಂದು ತಿದ್ದಿದರು. ಇನ್ನೊಬ್ಬರು ಅದನ್ನು ಅಳಿಸಿ ‘ಫಾಲ್‌ಔಟ್ 4 ಮಾಡಿದವರು ಹಳೆಯ ಗೇಮ್ ಸರಿಯಾಗಿ ಆಡಿಲ್ಲ’ ಎಂಬ ಅರ್ಥದಲ್ಲಿ ಬರೆದರು. ಮೊದಲಿನವರು ಮತ್ತೆ ಬಂದರು. ನಾನು ಎರಡನ್ನೂ ತೆಗೆದು ಹೀಗೆ ಹಾಕಿದೆ: ‘ಜೆಟ್ ಕಂಡುಹಿಡಿದದ್ದು ತಾನೇ ಎಂದು ಮೈರನ್ ಹೇಳಿಕೊಳ್ಳುತ್ತಾನೆ.’ ಅಷ್ಟೇ. ಇಬ್ಬರಿಗೂ ನನ್ನ ಮೇಲೆ ಸಿಟ್ಟು ಬಂತು.

ನಮ್ಮ ವಿಕಿ ಇಂಗ್ಲಿಷ್‌ನದು. ಅಲ್ಲಿ ‘ಹೇಳಿಕೊಳ್ಳುತ್ತಾನೆ’ ಎಂದು ಬರೆದರೆ ಅದೊಂದು ಕುಹಕದ ಹಾಗೆ ಕೇಳಿಸುತ್ತದೆ. ಇವನ ಮಾತು ನಂಬಬೇಡಿ ಎಂದು ಕಣ್ಣು ಮಿಟುಕಿಸಿದ ಹಾಗೆ. ಕನ್ನಡದಲ್ಲಿ ನಮಗೆ ಈ ಕಷ್ಟ ಇಲ್ಲ. ‘ಮೈರನ್ ಜೆಟ್ ಕಂಡುಹಿಡಿದನಂತೆ.’ ಮುಗಿಯಿತು. ನಾನು ನೋಡಿಲ್ಲ, ಕೇಳಿದ್ದು ಹೇಳುತ್ತಿದ್ದೇನೆ, ನಿಜವೋ ಸುಳ್ಳೋ ನನ್ನ ತಲೆಗೆ ಕಟ್ಟಬೇಡಿ. ಇಷ್ಟೂ ಆ ಪುಟ್ಟ ಬಾಲದಲ್ಲಿದೆ. ‘ಅಂತೆಕಂತೆ’ ಎಂದು ಅದನ್ನು ನಾವು ಹಗುರವಾಗಿ ಬಳಸುತ್ತೇವೆ, ಚಾಡಿ ಮಾತಿನ ಲೆಕ್ಕಕ್ಕೆ ಸೇರಿಸುತ್ತೇವೆ. ಆದರೆ ಎಂಟು ವರ್ಷ ವಿಕಿ ತಿದ್ದಿದ ಮೇಲೆ ನನಗೆ ಅನ್ನಿಸುವುದು ಬೇರೆ. ಗೇಮಿನ ಲೋಕದ ಕಥೆ ಬರೆಯುವವರು ಬಳಸಬಹುದಾದ ಅತ್ಯಂತ ಪ್ರಾಮಾಣಿಕ ಪದ ಅದೇ. ಚಾಡಿ ಶುರುವಾಗುವುದು ‘ಅಂತೆ’ ಇದ್ದಾಗ ಅಲ್ಲ, ಯಾರೋ ಅದನ್ನು ಕಿತ್ತು ಹಾಕಿದಾಗ.

ಮೂರನೇ ರಾತ್ರಿ ನನಗೇ ಪೆಟ್ಟು ಬಿತ್ತು. ಎದುರಾಳಿ ಒಬ್ಬರು ಟಾಕ್ ಪೇಜಿನಲ್ಲಿ, ಅಂದರೆ ಸಂಪಾದಕರು ಚರ್ಚೆ ಮಾಡುವ ಪುಟದಲ್ಲಿ, ಫಾಲ್‌ಔಟ್ 2ರ ಕೊನೆಯ ನಿರೂಪಣೆಯನ್ನು ತಂದಿಟ್ಟರು. ಮೈರನ್‌ನನ್ನು ಜೆಟ್ ಚಟದವನೊಬ್ಬ ಚುಚ್ಚಿ ಕೊಂದ, ಜೆಟ್ ಕಂಡುಹಿಡಿದ ಅವನ ಸಾಧನೆ ಬೇಗ ಮರೆತುಹೋಯಿತು, ಈಗ ಅವನ ಹೆಸರೂ ಯಾರಿಗೂ ನೆನಪಿಲ್ಲ ಎಂದು ಅಲ್ಲಿ ಬರುತ್ತದೆ. ಇದು ಮೈರನ್ ಬಾಯಿಂದ ಬಂದ ಮಾತಲ್ಲ. ಗೇಮೇ ಹೊರಗೆ ನಿಂತು ಹೇಳುವ ಮಾತು. ಇದರ ಮುಂದೆ ನನ್ನ ‘ಹೇಳಿಕೊಳ್ಳುತ್ತಾನೆ’ ಅರ್ಧ ಸತ್ಯವಾಯಿತು. ಒಪ್ಪಿಕೊಂಡೆ. ಸ್ವಲ್ಪ ಹೊಟ್ಟೆ ಉರಿಯಿತು, ಅದು ಬೇರೆ ವಿಷಯ.

ಈಗ ಪುಟದಲ್ಲಿ ಮೂರು ವಾಕ್ಯ ಇವೆ. ಮೈರನ್ ಹೀಗೆ ಹೇಳುತ್ತಾನೆ. ಗೇಮಿನ ಕೊನೆಯ ನಿರೂಪಣೆಯೂ ಹಾಗೇ ಹೇಳುತ್ತದೆ. ಫಾಲ್‌ಔಟ್ 4ರಲ್ಲಿ ವಾಲ್ಟ್ 95ರಲ್ಲಿ ಜೆಟ್ ಸಿಗುತ್ತದೆ. ‘ಹಾಗಾದರೆ’ ಎಂದು ಶುರುವಾಗುವ ನಾಲ್ಕನೇ ವಾಕ್ಯ ಇಲ್ಲ. ಅದನ್ನು ಬರೆಯಲು ಎಲ್ಲರಿಗೂ ಕೈ ತುರಿಸುತ್ತದೆ. ‘ಹಾಗಾದರೆ ಯುದ್ಧಕ್ಕೆ ಮೊದಲೇ ಇದ್ದ ಜೆಟ್ಟನ್ನು ಮೈರನ್ ಮತ್ತೆ ಕಂಡುಹಿಡಿದಿರಬೇಕು.’ ‘ಹಾಗಾದರೆ ಈಗ ಆ ವಾಲ್ಟ್‌ನಲ್ಲಿ ಬೀಡುಬಿಟ್ಟಿರುವ ಗನ್ನರ್ಸ್ ಎಂಬ ಬಾಡಿಗೆ ಸೈನಿಕರು ತಂದಿಟ್ಟಿರಬೇಕು.’ ಎರಡೂ ಚೆನ್ನಾಗಿವೆ. ಎರಡೂ ನಮ್ಮವು, ಗೇಮಿನವಲ್ಲ.

ಲೋರ್ ಅಂದರೆ ಗೇಮಿನ ಲೋಕದ ಕಥೆ, ಇತಿಹಾಸ, ಯಾರು ಯಾರ ಮಗ ಎಂಬ ಪುರಾಣ. ಇದರ ಬಗ್ಗೆ ಜಗಳ ಬಂದಾಗ ಮೊದಲು ಕೇಳುವುದು ‘ಯಾವುದು ಕ್ಯಾನನ್?’ ಎಂಬ ಪ್ರಶ್ನೆ. ಅಂದರೆ ಯಾವುದು ಅಧಿಕೃತ ಎಂದು. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು ‘ಯಾರು ಹೇಳಿದ್ದು?’ ಪಾತ್ರವೋ, ನಿರೂಪಕನೋ, ವಸ್ತುವಿನ ಕೆಳಗಿನ ವಿವರಣೆಯೋ, ಡೆವಲಪರ್ ಸಂದರ್ಶನವೋ, ಯಾರೋ ಫೈಲು ಬಗೆದು ತೆಗೆದ, ಗೇಮಿನಲ್ಲಿ ಬಳಸದೇ ಬಿಟ್ಟ ಡೈಲಾಗೋ? ಇವೆಲ್ಲಾ ಒಂದೇ ತೂಕದವಲ್ಲ.

ದಿ ಎಲ್ಡರ್ ಸ್ಕ್ರೋಲ್ಸ್ ಸರಣಿಯಷ್ಟು ಚೆನ್ನಾಗಿ ಇದನ್ನು ಕಲಿಸುವ ಗೇಮ್ ನಾನು ಕಂಡಿಲ್ಲ. ಆ ಲೋಕದೊಳಗೆ ಓದಲು ನೂರಾರು ಪುಸ್ತಕಗಳಿವೆ, ಅವನ್ನು ಬರೆದವರೂ ಆ ಲೋಕದವರೇ. ಒಬ್ಬ ಬರೆದದ್ದನ್ನು ಇನ್ನೊಬ್ಬ ಅಲ್ಲಗಳೆಯುತ್ತಾನೆ. 1998ರ ರೆಡ್‌ಗಾರ್ಡ್ ಗೇಮಿನ ಜೊತೆ ಬಂದ ಕಿರುಪುಸ್ತಕದಲ್ಲಿ ಸಿರೊಡೀಲ್ ಪ್ರಾಂತ್ಯ ದಟ್ಟ ಕಾಡು, ಬಿಸಿ, ಜೌಗು. 2006ರಲ್ಲಿ ಅದೇ ಪ್ರಾಂತ್ಯವನ್ನು ತೋರಿಸುವ ಒಬ್ಲಿವಿಯನ್ ಬಂದಾಗ ನೋಡಿದರೆ ತಂಪು ಹುಲ್ಲುಗಾವಲು. ದೇವರಾದ ಚಕ್ರವರ್ತಿ ಹವೆಯನ್ನೇ ಬದಲಿಸಿದ ಎಂದು ಒಂದು ಮಾತು. ನಕಲು ಮಾಡಿದವನ ಕೈತಪ್ಪಿನಿಂದ ‘ಕಾಡು’ ಬಂತು ಎಂದು ಇನ್ನೊಂದು. ಇನ್ನೂ ಮಜಾ ಡ್ಯಾಗರ್‌ಫಾಲ್‌ನದು. 1996ರ ಆ ಗೇಮಿಗೆ ಹಲವು ಅಂತ್ಯಗಳಿವೆ. ಒಂದು ನಿಜವಾದರೆ ಉಳಿದವು ಸುಳ್ಳಾಗಬೇಕು, ಅಲ್ವಾ? ಮುಂದಿನ ಗೇಮ್‌ಗಳು ಬಂದಾಗ ಬರಹಗಾರರು ಒಂದನ್ನು ಆರಿಸಲೇ ಇಲ್ಲ. ಕಾಲವೇ ಮುರಿದುಹೋಗಿ ಎಲ್ಲವೂ ಒಟ್ಟಿಗೆ ನಡೆದವು ಎಂದುಬಿಟ್ಟರು. ಅದನ್ನು ‘ಡ್ರ್ಯಾಗನ್ ಬ್ರೇಕ್’ ಎನ್ನುತ್ತಾರೆ. ಇಂಥ ಲೋಕದ ಬಗ್ಗೆ ಯಾರಾದರೂ ‘ನಿಜ ಏನೆಂದರೆ’ ಎಂದು ಪ್ಯಾರಾ ಶುರು ಮಾಡಿದರೆ ನನಗೆ ನಗು ಬರುತ್ತದೆ.

ನಗು ಬರದ ಸಂದರ್ಭವೂ ಇದೆ. 2024ರ ಏಪ್ರಿಲ್‌ನಲ್ಲಿ ಫಾಲ್‌ಔಟ್ ಟಿವಿ ಸರಣಿ ಬಂತು. ಅದರಲ್ಲಿ ಒಂದು ಕರಿಹಲಗೆ. ಆ ಲೋಕದ ಒಂದು ಗಣರಾಜ್ಯದ ರಾಜಧಾನಿಯಾದ ಶೇಡಿ ಸ್ಯಾಂಡ್ಸ್ ಊರಿನ ಪತನ, 2277 ಎಂದು ಬರೆದಿದೆ. ಅಲ್ಲಿಂದ ಒಂದು ಬಾಣ, ಬಾಣದ ತುದಿಯಲ್ಲಿ ಅಣುಬಾಂಬ್ ಸ್ಫೋಟದ ಚಿತ್ರ. ಆದರೆ 2010ರ ‘ಫಾಲ್‌ಔಟ್: ನ್ಯೂ ವೇಗಸ್’ ಗೇಮಿನ ಕಥೆ ನಡೆಯುವುದು 2281ರಲ್ಲಿ. ರಾಜಧಾನಿ ನಾಲ್ಕು ವರ್ಷ ಹಿಂದೆಯೇ ಸುಟ್ಟು ಹೋಯಿತು ಎಂದು ಆ ಗೇಮಿನಲ್ಲಿ ಯಾರೂ ಹೇಳುವುದಿಲ್ಲ. ಅಭಿಮಾನಿಗಳು ಹೇಗೆ ರೊಚ್ಚಿಗೆದ್ದರು ಎಂದು ವರ್ಣಿಸುವುದು ಬೇಡ. ನ್ಯೂ ವೇಗಸ್ ಇನ್ನು ಕ್ಯಾನನ್ ಅಲ್ಲ ಎಂದು ಶೋಕಾಚರಣೆಯೂ ಆಯಿತು. ಆಮೇಲೆ ಫಾಲ್‌ಔಟ್ ಸರಣಿಯ ಒಡೆತನದ ಬೆಥೆಸ್ಡಾ ಕಂಪನಿಯ ಟಾಡ್ ಹವರ್ಡ್ ಬಾಂಬ್ ಬಿದ್ದದ್ದು ನ್ಯೂ ವೇಗಸ್ ಘಟನೆಗಳ ನಂತರ ಎಂದರು.

ಆಗ ನಾವು ಹಲಗೆಯಲ್ಲಿ ಇರುವುದನ್ನು ಹಲಗೆಯದು ಎಂದು ಬರೆದಿದ್ದರೆ ಸಾಕಿತ್ತು. ಪತನಕ್ಕೆ ಒಂದು ವರ್ಷ, ಬಾಣ, ಸ್ಫೋಟದ ಚಿತ್ರ. ಸ್ಫೋಟದ ಪಕ್ಕ ಇಸವಿ ಇಲ್ಲ. ಎರಡನ್ನೂ ಸೇರಿಸಿ ‘2277ರಲ್ಲಿ ಬಾಂಬ್ ಬಿತ್ತು’ ಎಂದದ್ದು ನಾವು. ಹಲಗೆ ಬರೆಸಿದವರೂ ಇನ್ನಷ್ಟು ಎಚ್ಚರ ವಹಿಸಬಹುದಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಥಿಯರಿ ಕಟ್ಟುವವರನ್ನು ಕಂಡರೆ ನನಗೆ ಆಗುವುದಿಲ್ಲ ಅಂದುಕೊಳ್ಳಬೇಡಿ. ನಾನೇ ದೊಡ್ಡ ಥಿಯರಿಗಾರ. ಡಾರ್ಕ್ ಸೋಲ್ಸ್ ಬಂದ 2011ರಿಂದ, ಸೋಲೇರ್ ಎಂಬ ಸೂರ್ಯಭಕ್ತ ಯೋಧನೇ ಗ್ವಿನ್ ದೇವರ ಕಳೆದುಹೋದ ಹಿರಿಯ ಮಗ ಎಂದು ನಂಬಿದವರಲ್ಲಿ ನಾನೂ ಒಬ್ಬ. ಆ ಗೇಮ್ ಮಾಡಿದ ಹಿಡೆಟಾಕಾ ಮಿಯಾಝಾಕಿ ಚಿಕ್ಕಂದಿನಲ್ಲಿ ಪೂರ್ತಿ ಅರ್ಥವಾಗದ ಪುಸ್ತಕಗಳನ್ನು ಓದುತ್ತಾ, ಬಿಟ್ಟುಹೋದ ಜಾಗವನ್ನು ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರಂತೆ. (ನೋಡಿ, ಇಲ್ಲೂ ಅಂತೆ. ಅವರೇ ಸಂದರ್ಶನದಲ್ಲಿ ಹೇಳಿದ್ದು.) ಅವರ ಗೇಮ್‌ಗಳಲ್ಲಿ ತೂತುಗಳು ಬೇಕೆಂದೇ ಇವೆ. ತುಂಬುವ ಖುಷಿ ಆಡುವವರದು. 2016ರಲ್ಲಿ ಮೂರನೇ ಗೇಮಿನಲ್ಲಿ ಹೆಸರಿಲ್ಲದ ರಾಜ ಬಂದ. ಹಿಂದೆ ಯುದ್ಧದೇವನಾಗಿದ್ದು, ಎಲ್ಲ ಬಿಟ್ಟು ಡ್ರ್ಯಾಗನ್‌ಗಳ ಜೊತೆ ಸೇರಿದವನು ಎಂದು ವಸ್ತುವಿನ ವಿವರಣೆ ಹೇಳುತ್ತದೆ. ಗ್ವಿನ್‌ನ ಹಿರಿಯ ಮಗನೂ ಯುದ್ಧದೇವನೇ. ಸೋಲೇರ್ ಥಿಯರಿ ಅಲ್ಲಿಗೆ ಸತ್ತಿತು. ನಾನು ನಿಜವಾಗಿ ಬೇಜಾರು ಮಾಡಿಕೊಂಡೆ.

ಹಾಗಂತ ವಿಕಿಯಲ್ಲಿ ‘ಹೆಸರಿಲ್ಲದ ರಾಜ ಗ್ವಿನ್‌ನ ಮಗ’ ಎಂದು ಮುದ್ರೆ ಒತ್ತಿದಂತೆ ಬರೆಯಬಹುದೇ? ಎರಡು ತುಂಡು ಗೇಮ್ ಕೊಟ್ಟಿದೆ, ಅಂಟು ನಮ್ಮದು. ಒಳ್ಳೆಯ ಅಂಟೇ, ನೂರಕ್ಕೆ ತೊಂಬತ್ತೊಂಬತ್ತು ಜನ ಒಪ್ಪುವ ಅಂಟು. ಆದರೂ ಅಂಟು ಎಲ್ಲಿದೆ ಎಂದು ಓದುವವರಿಗೆ ಕಾಣಬೇಕು. ಎರಡು ತುಂಡನ್ನೂ ಎದುರು ಇಟ್ಟು, ‘ಇವುಗಳಿಂದ ಹೀಗೆ ತಿಳಿಯುತ್ತದೆ’ ಅಂದರೆ ಸಾಕು. ಹೀಗೆ ಬರೆದರೆ ವಿಕಿ ಸಪ್ಪೆ ಆಗುತ್ತದೆ ಎಂದು ಕೆಲವರ ದೂರು. ಆಗಲಿ ಬಿಡಿ. ಖಾರ ಬೇಕಾದವರಿಗೆ ವಿಡಿಯೋಗಳಿವೆ.

ವಿಕಿ ಪುಟಗಳ ಟ್ರಿವಿಯಾ, ಅಂದರೆ ಚಿಲ್ಲರೆ ಸಂಗತಿಗಳ ವಿಭಾಗದ ಬಗ್ಗೆ ಹೇಳಲು ಹೋದರೆ ಬಾಯಲ್ಲಿ ಕೆಟ್ಟ ಮಾತು ಬರುತ್ತದೆ. ‘ಈ ಟೋಪಿ ಬಹುಶಃ ಆ ಸಿನಿಮಾದ ಟೋಪಿಯನ್ನು ನೆನಪಿಸಬಹುದು.’ ನೆನಪಿಸಬಹುದು. ಮುಂದಕ್ಕೆ ಹೋಗೋಣ.

ಅನುವಾದದ ಸಮಸ್ಯೆ ಬೇರೆಯೇ ಇದೆ. ಸ್ಟ್ರೀಟ್ ಫೈಟರ್ 2ರಲ್ಲಿ ರ್ಯೂ ಗೆದ್ದಾಗ ಹೇಳುವ ಮಾತು ಜಪಾನಿಯಲ್ಲಿ ಶೋರ್ಯುಕೆನ್ ಎಂಬ ಅವನ ಹೊಡೆತದ ಬಗ್ಗೆ. ಅದನ್ನು ಮೀರದಿದ್ದರೆ ನೀನು ಗೆಲ್ಲಲಾರೆ ಎಂದು. ಇಂಗ್ಲಿಷ್‌ಗೆ ಬರುವಾಗ ಆ ಹೊಡೆತ ‘ಶೆಂಗ್ ಲಾಂಗ್’ ಎಂಬ ಮನುಷ್ಯನ ಹೆಸರಿನ ಹಾಗೆ ಓದಿಸಿಕೊಂಡಿತು. ಯಾರಪ್ಪಾ ಈ ಶೆಂಗ್ ಲಾಂಗ್ ಎಂದು ಎಲ್ಲರೂ ಹುಡುಕಾಡುವಾಗ, 1992ರಲ್ಲಿ ಅಮೆರಿಕದ ಒಂದು ಗೇಮ್ ಪತ್ರಿಕೆ ಏಪ್ರಿಲ್ ಫೂಲ್ ತಮಾಷೆಗೆ, ಅವನನ್ನು ಎದುರಿಸುವ ಗುಟ್ಟು ಇದು ಎಂದು ಬರೆಯಿತು. ಎಷ್ಟೋ ಹುಡುಗರು ಅದನ್ನು ನಂಬಿ ಪ್ರಯತ್ನಿಸಿದರು. ಒಂದು ತಪ್ಪು ಅನುವಾದ, ಅದರ ಮೇಲೆ ಒಂದು ತಮಾಷೆ. ಇಲ್ಲದ ಮನುಷ್ಯನೊಬ್ಬ ಹುಟ್ಟಿಬಿಟ್ಟ.

ಈಗ ಹುಟ್ಟಿಸುವುದು ಇನ್ನೂ ಸುಲಭ. 2023ರ ಜುಲೈನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟಗಾರರು ಬೇಕೆಂದೇ ‘ಗ್ಲೋರ್ಬೋ ಬಂತು’ ಎಂದು ಸುಮ್ನೆ ಕುಣಿದಾಡಿದರು. ಗ್ಲೋರ್ಬೋ ಎಂಬುದು ಇಲ್ಲವೇ ಇಲ್ಲ. ಅವರ ಚರ್ಚೆಗಳನ್ನು ಹೆಕ್ಕಿ ಯಂತ್ರದಿಂದ ಸುದ್ದಿ ಬರೆಸುತ್ತಿದ್ದ ಒಂದು ತಾಣ ಅದನ್ನೇ ಗಂಭೀರವಾಗಿ ಲೇಖನ ಮಾಡಿತು.

ನಾವು ನಗುತ್ತೇವೆ. ಆದರೆ ನನಗೆ ಪೂರ್ತಿ ನಗಲು ಧೈರ್ಯ ಇಲ್ಲ, ಯಾಕೆಂದರೆ ನಾನೂ ಒಂದು ಗ್ಲೋರ್ಬೋ ಮಾಡಿದ್ದೇನೆ.

ವಿಕಿಗೆ ಬಂದ ಮೊದಲ ವರ್ಷ. ಅಷ್ಟೇನೂ ಹೆಸರು ಮಾಡದ ಒಂದು ಗೇಮಿನಲ್ಲಿ, ಗುಹೆಯಲ್ಲಿ ಓಡಾಡುವ ಸಣ್ಣ ಜೀವಿ ಇತ್ತು. ಗೇಮಿನಲ್ಲಿ ಅದಕ್ಕೆ ಹೆಸರಿಲ್ಲ. ಪುಟ ಮಾಡಬೇಕು ಅಂದರೆ ತಲೆಬರಹ ಬೇಕಲ್ಲ, ‘ಮಸಿಮುಖ’ ಎಂಬ ಅರ್ಥ ಬರುವ ಒಂದು ಹೆಸರು ಇಟ್ಟೆ. ಇದು ನಾನಿಟ್ಟ ಹೆಸರು ಎಂದು ಎಲ್ಲೂ ಬರೆಯಲಿಲ್ಲ. ಮೋಸ ಮಾಡುವ ಉದ್ದೇಶ ಇರಲಿಲ್ಲ, ಹೊಳೆಯಲಿಲ್ಲ ಅಷ್ಟೇ. ಎರಡು ವರ್ಷದ ಮೇಲೆ ಒಬ್ಬರು ಟಾಕ್ ಪೇಜಿನಲ್ಲಿ ‘ಈ ಹೆಸರಿಗೆ ಸೋರ್ಸ್ ಏನು?’ ಎಂದು ಕೇಳಿದರು. ನಾನು ಉತ್ತರ ಬರೆಯುವ ಮೊದಲೇ ಇನ್ನೊಬ್ಬರು ಸೋರ್ಸ್ ಕೊಟ್ಟಿದ್ದರು. ಒಂದು ಲೋರ್ ವಿಡಿಯೋ. ಆ ವಿಡಿಯೋ ಮಾಡಿದವರು ಓದಿದ್ದು ನನ್ನ ಪುಟವನ್ನೇ.

ಇದು ನನ್ನಂಥ ಒಬ್ಬನ ಎಡವಟ್ಟು ಅಂದುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದೆ. 2018ರಲ್ಲಿ ಸೂಪರ್ ಮಾರಿಯೋ ಬ್ರದರ್ಸ್ ಎನ್‌ಸೈಕ್ಲೋಪೀಡಿಯಾ ಇಂಗ್ಲಿಷ್‌ನಲ್ಲಿ ಬಂತು. ಅಧಿಕೃತ ಪುಸ್ತಕ. ಅಭಿಮಾನಿಗಳು ಪುಟ ತಿರುಗಿಸಿದರೆ, ಸೂಪರ್ ಮಾರಿಯೋ ವಿಕಿಯ ಸಂಪಾದಕರು ಕೆಲವು ಶತ್ರುಗಳಿಗೆ ತಾತ್ಕಾಲಿಕವಾಗಿ ಇಟ್ಟಿದ್ದ ಹೆಸರುಗಳೇ ಅಲ್ಲಿದ್ದವು. ಅವರು ನನ್ನ ಹಾಗಲ್ಲ, ಶಿಸ್ತಿನವರು. ಇಂಥ ಪುಟದ ತಲೆಯಲ್ಲೇ ‘ಈ ಹೆಸರು ಊಹೆ’ ಎಂದು ಹಣೆಪಟ್ಟಿ ಹಾಕಿರುತ್ತಾರೆ. ಹೆಸರು ಪುಸ್ತಕಕ್ಕೆ ಹೋಯಿತು, ಹಣೆಪಟ್ಟಿ ಮಾತ್ರ ವಿಕಿಯಲ್ಲೇ ಉಳಿಯಿತು. ಆಗ ಆ ಸಂಪಾದಕರು ಏನು ಮಾಡಬೇಕು ಹೇಳಿ? ಅಧಿಕೃತ ಪುಸ್ತಕ ಹೇಳಿದೆ ಎಂದು ತಮ್ಮದೇ ಊಹೆಯನ್ನು ಸತ್ಯ ಎಂದು ಒಪ್ಪಿಕೊಳ್ಳಬೇಕಾ? ನಾನಾದರೆ ಒಪ್ಪುವುದಿಲ್ಲ. ಬಾವಿಗೆ ನೀನೇ ಸುರಿದ ಕೊಡ ನೀರನ್ನು ಸೇದಿ ‘ಸೆಲೆ ಸಿಕ್ಕಿತು’ ಅಂದ ಹಾಗೆ ಅದು.

ಆದ್ದರಿಂದ ಹೊಸಬರು ಬಂದು ಥಿಯರಿಯನ್ನು ಸತ್ಯದ ಹಾಗೆ ಬರೆದಾಗ ನಾನು ಈಗ ಬೈಯುವುದಿಲ್ಲ. ಮೊದಲು ಬೈಯುತ್ತಿದ್ದೆ. ಕಾರಣ ಬರೆಯದೆ ರಿವರ್ಟ್ ಒತ್ತಿ, ಅಂದರೆ ಪುಟವನ್ನು ಮೊದಲಿನ ಹಾಗೆ ಮಾಡಿ, ಹೋಗುತ್ತಿದ್ದೆ. ಅವರು ಮತ್ತೆ ಹಾಕುವರು, ನಾನು ಮತ್ತೆ ತೆಗೆಯುವೆ, ಅಡ್ಮಿನ್ ಬಂದು ಪುಟಕ್ಕೆ ಬೀಗ ಹಾಕುವರು. ಈಗ ಎಡಿಟಿನ ಜೊತೆ ಒಂದು ಸಾಲು ಬರೆಯುತ್ತೇನೆ: ‘ಇದನ್ನು ಗೇಮಿನಲ್ಲಿ ಯಾರು, ಎಲ್ಲಿ ಹೇಳುತ್ತಾರೆ? ಸ್ಕ್ರೀನ್‌ಶಾಟ್ ಇದ್ದರೆ ನಾನೇ ಸೇರಿಸುತ್ತೇನೆ.’ ಎಷ್ಟೋ ಜನ ಅಲ್ಲಿಗೇ ಮಾಯವಾಗುತ್ತಾರೆ. ಕೆಲವರು ನಿಜವಾಗಿಯೂ ತರುತ್ತಾರೆ, ನಾನು ಕಂಡೇ ಇರದ ಡೈಲಾಗ್. ಮೈರನ್ ವಿಷಯದಲ್ಲಿ ಆದದ್ದು ಅದೇ.

ಆ ಜಗಳ ಮುಗಿದ ಮೇಲೆ, ಇನ್ನು ನನ್ನ ಹಳೆಯ ಪಾಪ ತೊಳೆಯೋಣ ಅಂತ ಮಸಿಮುಖದ ಪುಟಕ್ಕೆ ಹೋದೆ. ತಲೆಬರಹವನ್ನು ‘ಗುಹೆಯ ಹೆಸರಿಲ್ಲದ ಜೀವಿ’ ಎಂದು ಬದಲಾಯಿಸಿದೆ. ಕೆಳಗೆ, ಹಳೆಯ ಹೆಸರು ಒಬ್ಬ ಸಂಪಾದಕ ಇಟ್ಟದ್ದು, ಗೇಮಿನಲ್ಲಿ ಇಲ್ಲ ಎಂದೂ ಬರೆದೆ.

ಬೆಳಿಗ್ಗೆ ಎದ್ದು ನೋಡಿದರೆ ರಿವರ್ಟ್ ಆಗಿತ್ತು. ಪಕ್ಕದಲ್ಲಿ ಒಂದು ಸಾಲು: ‘ಗೇಮ್ ಆಡದವರು ದಯವಿಟ್ಟು ಎಡಿಟ್ ಮಾಡಬೇಡಿ. ಇದರ ನಿಜವಾದ ಹೆಸರು ಎಲ್ಲರಿಗೂ ಗೊತ್ತು.’