‘ಆದ್ದರಿಂದ’ ಎಲ್ಲಿಂದ ಬಂತು?

ನೀತಿ ಊರಿಂದೂರಿಗೆ ಬದಲಾಗುತ್ತದೆ, ಆದ್ದರಿಂದ ಎಲ್ಲರಿಗೂ ಸಲ್ಲುವ ನೀತಿಯೇ ಇಲ್ಲ ಎಂದು ನೀತಿಯ ಕುರಿತ ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ತೀರ್ಮಾನದಲ್ಲಿ ಆ ‘ಆದ್ದರಿಂದ’ ನನಗೆ ಒಪ್ಪಿಗೆಯಿಲ್ಲ. ಅವರು ಉದಾಹರಿಸಿದ, ತಾಯಿಯ ಕಡೆಯಿಂದ ಆಸ್ತಿ ಇಳಿದುಬರುತ್ತಿದ್ದ ಅಳಿಯಸಂತಾನ ಪದ್ಧತಿ ನಮ್ಮ ಕಾಸರಗೋಡಿನದೂ ಹೌದು. ಇಲ್ಲಿ ಒಂದು ಮನೆಯ ಆಸ್ತಿ ಹೆಣ್ಣಿನ ಸಂತತಿಗೆ ಹೋದರೆ ಪಕ್ಕದ ಮನೆಯದು ತಂದೆಯಿಂದ ಮಗನಿಗೆ ಬರುತ್ತಿತ್ತು. ಕೇರಳದ 1975ರ ಕಾಯಿದೆ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸಿದಾಗ ಬದಲಾದದ್ದು ಕಟ್ಟಳೆಯೇ ಹೊರತು, ಮುಪ್ಪಿನ ತಾಯಿಯನ್ನು ಬೀದಿಗೆ ಬಿಡಬಾರದೆಂಬ ಎರಡೂ ಮನೆಗಳ ತಿಳಿವಳಿಕೆಯಲ್ಲ.

ಬದುಕಿನ ಅರ್ಥವನ್ನು ಆಯಾ ಸಮಾಜವೇ ಕಟ್ಟಿಕೊಳ್ಳುತ್ತದೆ ಎಂಬ ಅವರ ಮಾತಿಗೆ ನನ್ನ ತಕರಾರಿಲ್ಲ. ಆದರೆ ನಮ್ಮ ಜಿಲ್ಲೆಯ ಎಣ್ಮಕಜೆಯ ಸುತ್ತಿನ ಗೇರುತೋಟಗಳ ಮೇಲೆ, ಕೆಳಗಿನ ತೆರೆದ ಬಾವಿ, ತೋಡು, ಅಂಗಳದಲ್ಲಿ ಆಡುವ ಮಕ್ಕಳು ಯಾವುದನ್ನೂ ಲೆಕ್ಕಿಸದೆ, 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು, ಸರಿತಪ್ಪುಗಳು ಆಯಾ ಸಮಾಜಕ್ಕೆ ತಕ್ಕಂತೆ ಎನ್ನುವ ಲೇಖಕರ ಸಾಪೇಕ್ಷತಾವಾದವು ಯಾವ ಅಳತೆಯಲ್ಲಿ ಅಳೆಯುತ್ತದೆ? ಸಿಂಪಡಿಸಿದವರಿಗೂ ತಮ್ಮದೇ ‘ಸರಿ’ ಇತ್ತು. ಗೇರನ್ನು ಕಾಡುವ ‘ಟೀ ಸೊಳ್ಳೆ’ ಎಂಬ ಕೀಟದ ಕಾಟ ತಡೆಯಬೇಕಿತ್ತು, ಇಳುವರಿ ಉಳಿಯಬೇಕಿತ್ತು. ಲೇಖಕರ ವಾದವನ್ನು ಕೊನೆಯವರೆಗೆ ಒಯ್ದರೆ, ಸುಪ್ರೀಂ ಕೋರ್ಟ್ 2011ರಲ್ಲಿ ಆ ವಿಷವನ್ನು ನಿಷೇಧಿಸಿದ್ದು ಅನ್ಯಾಯವನ್ನು ಗುರುತಿಸಿದಂತಲ್ಲ, ಬರೀ ಅಭಿರುಚಿ ಬದಲಾಯಿಸಿದಂತೆ. ಹಾಗೆಂದು ಎಣ್ಮಕಜೆಯ ಪಡ್ರೆ ಗ್ರಾಮದ ಯಾವುದಾದರೂ ಎಂಡೋಸಲ್ಫಾನ್ ಸಂತ್ರಸ್ತರ ಮನೆಯ ಜಗಲಿಯಲ್ಲಿ ಕುಳಿತು ಲೇಖಕರು ಹೇಳಬಲ್ಲರೇ?